ಗಂಟುಮೂಟೆ ಕಟ್ಟಿಟ್ಟು ಕೇಳುವ ಪ್ರಶ್ನೆ

ಪ್ರಶ್ನೆ: ನನಗೆ 38 ವರ್ಷ. ನಾನು ದುಡಿಯುತ್ತಿರುವ ಸಂಸ್ಥೆ ಇನ್ನು ಕೆಲವೇ ತಿಂಗಳಲ್ಲಿ ಮುಚ್ಚಬಹುದು ಎಂಬ ಮಾತಿದೆ. ಇದೇ ಹೊತ್ತಿಗೆ ಬಹು ದೂರದ ಊರಿನಿಂದ ಒಂದು ಕೆಲಸಕ್ಕೆ ಕರೆ ಬಂದಿದ್ದು, ಐದು ವಾರದೊಳಗೆ ಉತ್ತರ ಕೊಡಬೇಕಾಗಿದೆ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ತಾಯಿಯನ್ನು ಬಿಟ್ಟು ಹೋಗಲಾರೆ. ಕರೆದುಕೊಂಡು ಹೋದರೆ ತಾಯಿಗೆ ಹೊಸ ಜಾಗ ಒಗ್ಗುತ್ತದೆಯೋ ಇಲ್ಲವೋ ತಿಳಿಯದು. ಮೂರು ತಿಂಗಳಿಂದ ಉಪವಾಸವಿದ್ದು ಪ್ರಾರ್ಥಿಸುತ್ತಿದ್ದೇನೆ, ನಿದ್ದೆಯೂ ಸರಿಯಾಗಿಲ್ಲ. ಸಭೆಯಲ್ಲಿ ಒಬ್ಬರು "ಬಾಗಿಲು ತೆರೆದಿದೆ, ಹೊರಡು" ಎನ್ನುತ್ತಾರೆ. ಇನ್ನೊಬ್ಬರು, ನಾನು ಹೋಗಬಾರದೆಂದು ದೇವರು ತಮಗೆ ತೋರಿಸಿದ್ದಾರೆ ಎನ್ನುತ್ತಾರೆ. ನನಗೆ ಮಾತ್ರ ಏನೂ ಕೇಳಿಸುತ್ತಿಲ್ಲ. ದೇವರ ಚಿತ್ತವನ್ನು ತಿಳಿಯುವುದು ಹೇಗೆ? ತಪ್ಪಾದದ್ದನ್ನು ಆರಿಸಿಕೊಂಡರೆ ದೇವರ ಯೋಜನೆಯಿಂದಲೇ ಹೊರಗೆ ಬಿದ್ದುಹೋಗುತ್ತೇನೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಆ ಭಯ ಎದೆಯಲ್ಲಿ ಕುಳಿತಿರುವ ತನಕ ಮಿಕ್ಕ ಮಾತು ಕಿವಿಗೆ ಇಳಿಯುವುದಿಲ್ಲ. ಇಲ್ಲ ಸಹೋದರಿ, ಹೊರಗೆ ಬಿದ್ದುಹೋಗುವುದಿಲ್ಲ. ದೇವರ ಚಿತ್ತವನ್ನು ನಾವು ಎರಡು ಕಂಬಗಳ ನಡುವೆ ಬಿಗಿದ ಹಗ್ಗದಂತೆ ಕಲ್ಪಿಸಿಕೊಂಡಿದ್ದೇವೆ. ಒಂದು ಹೆಜ್ಜೆ ತಪ್ಪಿದರೆ ಪಾತಾಳ. ಸತ್ಯವೇದದಲ್ಲಿ ಈ ಹಗ್ಗ ನನಗೆಲ್ಲೂ ಸಿಕ್ಕಿಲ್ಲ. "ಇದೇ ದೇವರ ಚಿತ್ತ" ಎಂದು ಹೊಸ ಒಡಂಬಡಿಕೆ ನೇರವಾಗಿ ಬೆರಳಿಟ್ಟು ತೋರಿಸುವ ಕಡೆಗಳನ್ನು ನೋಡಿ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 4ನೆಯ ಅಧ್ಯಾಯದಲ್ಲಿ ಅದು ಪರಿಶುದ್ಧ ನಡತೆ. 5ನೆಯ ಅಧ್ಯಾಯದಲ್ಲಿ ಎಡೆಬಿಡದ ಪ್ರಾರ್ಥನೆ ಮತ್ತು ಕೃತಜ್ಞತೆ. ಪೇತ್ರನ ಮೊದಲ ಪತ್ರದ 2ನೆಯ ಅಧ್ಯಾಯದಲ್ಲಿ ಒಳ್ಳೆಯದನ್ನು ಮಾಡುತ್ತಾ ತಿಳಿಗೇಡಿಗಳ ಬಾಯಿ ಕಟ್ಟಿಸುವುದು. ಇವೆಲ್ಲವನ್ನೂ ನೀವು ಈಗಿರುವ ಊರಿನಲ್ಲೂ ಮಾಡಬಹುದು, ಕರೆ ಬಂದಿರುವ ಊರಿನಲ್ಲೂ ಮಾಡಬಹುದು. ನಿಮ್ಮ ಕೆಲಸದ ವಿಚಾರ ದೇವರಿಗೆ ಬೇಕಾಗಿಲ್ಲ ಎಂದು ಇದರ ಅರ್ಥವಲ್ಲ. ಅವರ ಚಿತ್ತದ ಬಹುಭಾಗ ನಿಮಗೆ ಈಗಾಗಲೇ ತಿಳಿದಿದೆ, ತಿಳಿಯದೆ ಉಳಿದಿರುವುದು ಒಂದು ಸಣ್ಣ ಪಾಲು ಎಂದಷ್ಟೇ ಹೇಳುತ್ತಿದ್ದೇನೆ. ಆ ಪಾಲಿನಲ್ಲಿ ಎಡವಿದರೂ ಕಥೆ ಮುಗಿಯುವುದಿಲ್ಲ. ಪ್ರವಾದಿ ಯೋನನು, ದೇವರು ಒಂದು ಕಡೆಗೆ ಹೋಗು ಎಂದರೆ ಬೇಕೆಂದೇ ಎದುರು ದಿಕ್ಕಿನ ಹಡಗು ಹತ್ತಿದವನು; ಆದರೂ ಅವನ ಪುಸ್ತಕದ 3ನೆಯ ಅಧ್ಯಾಯ ಆರಂಭವಾಗುವುದು ಕರ್ತನ ವಾಕ್ಯ ಅವನಿಗೆ ಎರಡನೆಯ ಸಾರಿ ಬಂತು ಎಂಬ ಮಾತಿನಿಂದ. ತಪ್ಪಿಸಿಕೊಂಡು ಓಡಿದವನ ಬೆನ್ನು ಬಿಡದ ದೇವರು, ದಾರಿ ಕೇಳುತ್ತಾ ನಡೆದು ಎಡವಿದವರ ಕೈಬಿಡುತ್ತಾರೆಂದು ನನಗೆ ತೋರುವುದಿಲ್ಲ.

ಇನ್ನು ದಾರಿ ತಿಳಿಯುವ ವಿಷಯ. ಈ ಪ್ರಶ್ನೆ ಹೊತ್ತು ಬರುವವರಿಗೆಲ್ಲ ನಾನು ಪ್ರವಾದಿ ಯೆರೆಮೀಯನ ಪುಸ್ತಕದ 42ನೆಯ ಅಧ್ಯಾಯವನ್ನು ಓದಿಕೊಂಡು ಬರಲು ಹೇಳುತ್ತೇನೆ. ಗೋಡೆಯ ಕ್ಯಾಲೆಂಡರುಗಳಲ್ಲಿ ಅಚ್ಚಾಗುವ 29ನೆಯ ಅಧ್ಯಾಯದ ಬಗ್ಗೆ ಆಮೇಲೆ ಬರೆಯುತ್ತೇನೆ. ಕ್ರಿ.ಪೂ. 586ರ ಸುಮಾರಿನಲ್ಲಿ ಯೆರೂಸಲೇಮ್ ಬಾಬಿಲೋನಿನವರಿಗೆ ಬಿದ್ದಿತ್ತು. ಅವರು ನೇಮಿಸಿದ ಅಧಿಪತಿ ಗೆದಲ್ಯನನ್ನು ಯೆಹೂದ್ಯರಲ್ಲೇ ಒಬ್ಬನು ಕೊಂದುಹಾಕಿದ್ದನು. ಈ ಕೊಲೆಗೆ ಬಾಬಿಲೋನು ಸೇಡು ತೀರಿಸಿಕೊಳ್ಳದೆ ಬಿಡದು ಎಂಬ ಹೆದರಿಕೆಯಿಂದ, ಅಳಿದುಳಿದ ಜನರ ಗುಂಪೊಂದು ಯೋಹಾನಾನನೆಂಬ ಸೇನಾನಾಯಕನ ಹಿಂದೆ ಹೊರಟು ಯೆರೆಮೀಯನ ಮುಂದೆ ಬಂದು ನಿಂತಿತು. ನಾವು ನಡೆಯಬೇಕಾದ ದಾರಿಯನ್ನೂ ಮಾಡಬೇಕಾದ ಕಾರ್ಯವನ್ನೂ ನಿನ್ನ ದೇವರು ತಿಳಿಸಲಿ, ಅದು ನಮಗೆ ಹಿಡಿಸಲಿ ಹಿಡಿಸದಿರಲಿ, ನಾವು ಕೇಳುತ್ತೇವೆ ಎಂದು ಅವರು ಆಣೆ ಇಟ್ಟರು. ಇದಕ್ಕಿಂತ ಚೆಂದದ ಪ್ರಾರ್ಥನೆ ಇರಲಾರದು. ಆದರೆ ಹಿಂದಿನ ಅಧ್ಯಾಯದ ಕೊನೆಯಲ್ಲಿ ಒಂದು ಸಣ್ಣ ವಿವರವಿದೆ: ಇವರು ಆಗಲೇ ಹೆಂಗಸರು ಮಕ್ಕಳ ಸಮೇತ ಹೊರಟು ಬೇತ್ಲೆಹೇಮಿನ ಹತ್ತಿರ ಬಿಡಾರ ಹೂಡಿದ್ದರು, ಐಗುಪ್ತದ, ಅಂದರೆ ಈಜಿಪ್ಟಿನ, ದಾರಿ ಹಿಡಿದು. ಹತ್ತು ದಿನಗಳ ಮೇಲೆ ಯೆರೆಮೀಯನಿಗೆ ಉತ್ತರ ಬಂತು: ಈ ದೇಶದಲ್ಲೇ ಇರಿ, ಐಗುಪ್ತಕ್ಕೆ ಹೋಗಬೇಡಿ. ಕೇಳಿದ ಕೂಡಲೇ ಅವರು "ನೀನು ಸುಳ್ಳು ಹೇಳುತ್ತೀಯೆ" ಎಂದರು. ನಿನ್ನ ಲೇಖಕ ಬಾರೂಕನೇ ನಿನ್ನ ತಲೆ ಕೆಡಿಸಿದ್ದಾನೆ ಎಂದರು. ಪ್ರವಾದಿಯನ್ನೂ ಎಳೆದುಕೊಂಡು ಐಗುಪ್ತಕ್ಕೆ ಹೋದರು.

ಆ ಜನ ಕೆಟ್ಟವರಾಗಿರಲಿಲ್ಲ, ಹೆದರಿದವರಾಗಿದ್ದರು. ಗಂಟುಮೂಟೆ ಕಟ್ಟಿಟ್ಟು ದಾರಿ ಕೇಳಿದರು. ಅವರಿಗೆ ಬೇಕಾಗಿದ್ದದ್ದು ಮಾರ್ಗದರ್ಶನವಲ್ಲ, ಒಂದು ಸಹಿ. ಇದನ್ನು ನಾನು ಬೇರೆಯವರ ಮೇಲೆ ಬೆರಳು ತೋರಿಸಲು ಬರೆಯುತ್ತಿಲ್ಲ. ನಾನು ಸಭಾಪಾಲಕನಾದ ಹೊಸತರಲ್ಲಿ ಒಂದು ದೊಡ್ಡ ಸಭೆಯಿಂದ ನನಗೆ ಆಹ್ವಾನ ಬಂದಿತ್ತು. ಒಂದು ಸಂಜೆಯ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು, ದೇವರು ನನ್ನನ್ನು ಅಲ್ಲಿಗೆ ಕರೆಯುತ್ತಿದ್ದಾರೆ ಎಂದು ಗದ್ಗದಿತನಾಗಿ ಸಾಕ್ಷಿ ಹೇಳಿದೆ. ಕೂಟ ಮುಗಿದ ಮೇಲೆ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದ ಹಿರಿಯರೊಬ್ಬರು, ತಲೆ ಎತ್ತದೆಯೇ ಕೇಳಿದರು: "ಅಯ್ಯನವರೇ, ಹೋಗಬೇಡ ಅಂತ ದೇವರು ಹೇಳಿದ್ದರೆ ಅದು ನಿಮಗೆ ಯಾವ ಕಡೆಯಿಂದ ಗೊತ್ತಾಗುತ್ತಿತ್ತು?" ನನ್ನಲ್ಲಿ ಉತ್ತರವಿರಲಿಲ್ಲ. ಆ ಮಾತು ಬರಬಹುದಾದ ಬಾಗಿಲನ್ನೆಲ್ಲ ನಾನೇ ಮುಚ್ಚಿ ಕುಳಿತಿದ್ದೆ. ಮೂವತ್ತು ವರ್ಷ ಬೋಧಿಸಿದ ಮೇಲೂ, ದೇವರ ನಡೆಸುವಿಕೆಯನ್ನು ಕುರಿತು ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಕೇಳಿಲ್ಲ.

ಆದ್ದರಿಂದ ನಿಮ್ಮ ಮೊದಲ ಕೆಲಸ ಕಿವಿಗೊಡುವುದಲ್ಲ, ಕಿವಿ ಯಾವ ಕಡೆಗೆ ವಾಲಿದೆ ಎಂದು ನೋಡಿಕೊಳ್ಳುವುದು. 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ತೋಪಿನ ಗುಂಡು ತಗುಲಿ ಕಾಲು ಮುರಿದುಕೊಂಡ, ಮುಂದೆ ಜೆಸ್ವಿಟ್ ಸಂಘವನ್ನು ಕಟ್ಟಿದ ಲೊಯೋಲದ ಇಗ್ನೇಷಿಯಸ್, ಹಾಸಿಗೆಯಲ್ಲಿ ಬಿದ್ದಿದ್ದಾಗ ಕಲಿಯಲಾರಂಭಿಸಿದ ಪಾಠಗಳನ್ನು ಮುಂದೆ ಅಭ್ಯಾಸಗಳ ರೂಪದಲ್ಲಿ ಬರೆದಿಟ್ಟರು. ಅವು 1548ರಲ್ಲಿ ಅಚ್ಚಾದವು. ಒಂದು ನಿರ್ಧಾರಕ್ಕೆ ಕೂಡುವವನ ಮನಸ್ಸು ತಕ್ಕಡಿಯ ಮುಳ್ಳಿನಂತೆ ನಟ್ಟನಡುವೆ ನಿಲ್ಲಬೇಕು, ದೇವರ ಮಹಿಮೆಗೆ ಯಾವುದು ಹೆಚ್ಚು ತಕ್ಕದ್ದೋ ಆ ಕಡೆಗೆ ವಾಲಲು ಸಿದ್ಧವಾಗಿರಬೇಕು ಎಂದು ಅವರು ಅಲ್ಲಿ ಹೇಳುತ್ತಾರೆ. ಆಸೆಯೇ ಇರಬಾರದೆಂದಲ್ಲ. ಆಸೆ ಇದ್ದರೆ ಅದು ತಟ್ಟೆಯ ಯಾವ ಕಡೆ ಎಷ್ಟು ಭಾರವಾಗಿ ಕುಳಿತಿದೆ ಎಂಬುದು ನಮಗೆ ತಿಳಿದಿರಬೇಕು. ನೀವು ಒಂದು ಹಾಳೆಯ ಮೇಲೆ ಎರಡು ವಾಕ್ಯ ಬರೆದು ನೋಡಿ: "ಹೋಗು ಎಂದು ದೇವರು ಹೇಳಿದರೆ ನನಗೆ ಹೀಗೆ ಅನಿಸುತ್ತದೆ", "ಇಲ್ಲೇ ಇರು ಎಂದರೆ ಹೀಗೆ ಅನಿಸುತ್ತದೆ". ಎರಡನ್ನೂ ಪ್ರಾಮಾಣಿಕವಾಗಿ ಪೂರ್ತಿ ಮಾಡಿದರೆ, ನಿಮ್ಮ ಮೂಟೆ ಯಾವ ದಿಕ್ಕಿಗೆ ಕಟ್ಟಿಟ್ಟಿದೆ ಎಂಬುದು ಗೊತ್ತಾಗುತ್ತದೆ. ಅದನ್ನು ದೇವರ ಮುಂದೆ ಬಾಯಿಬಿಟ್ಟು ಹೇಳಿರಿ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆಯ ತೋಟದಲ್ಲಿ ಯೇಸು ಸ್ವಾಮಿಯೂ ಮೊದಲು ತಮ್ಮ ಆಸೆಯನ್ನೇ ಹೇಳಿದರು, ಈ ಪಾತ್ರೆ ನನ್ನಿಂದ ತೊಲಗಲಿ ಎಂದು. ನಿನ್ನ ಚಿತ್ತದಂತೆ ಆಗಲಿ ಎಂಬುದು ಅದರ ನಂತರ ಬಂತು.

ಗೆತ್ಸೇಮನೆಯ ಮಾತು ಬಂದದ್ದರಿಂದ, ನಮ್ಮ ಸಭೆಗಳಲ್ಲಿ ದಿನಬೆಳಗಾದರೆ ಕೇಳುವ ಒಂದು ಮಾತನ್ನು ಇಲ್ಲಿ ತಡೆದು ನಿಲ್ಲಿಸಬೇಕು: "ಪ್ರಾರ್ಥಿಸಿದೆ, ಸಮಾಧಾನ ಸಿಕ್ಕಿತು, ಹಾಗಾಗಿ ಇದು ದೇವರಿಂದಲೇ." ಯೋನನು ಆಜ್ಞೆ ಮೀರಿ ಓಡುತ್ತಿದ್ದಾಗ, ಬಿರುಗಾಳಿಯ ನಡುವೆ ಹಡಗಿನ ಒಳಗೆ ಗಾಢನಿದ್ರೆಯಲ್ಲಿದ್ದನು. ತಂದೆಯ ಚಿತ್ತದ ನಟ್ಟನಡುವೆ ಇದ್ದ ಯೇಸುವಿನ ಬೆವರು ರಕ್ತದ ದೊಡ್ಡ ಹನಿಗಳಂತೆ ನೆಲಕ್ಕೆ ಬೀಳುತ್ತಿತ್ತು ಎಂದು ಲೂಕನು ಬರೆಯುತ್ತಾನೆ. ಸಮಾಧಾನವೊಂದೇ ಗುರುತಾದರೆ ಯೋನನು ಸರಿ, ಕರ್ತನು ತಪ್ಪು ಎನ್ನಬೇಕಾಗುತ್ತದೆ. ಇದಕ್ಕೆ ಆಧಾರವಾಗಿ ಹೇಳುವ ಕೊಲೊಸ್ಸೆಯ ಪತ್ರದ 3ನೆಯ ಅಧ್ಯಾಯದ ವಾಕ್ಯವನ್ನು ಅದರ ಅಕ್ಕಪಕ್ಕದ ವಾಕ್ಯಗಳೊಂದಿಗೆ ಓದಿದರೆ, ಕ್ರಿಸ್ತನ ಸಮಾಧಾನ ನಿಮ್ಮ ಹೃದಯಗಳಲ್ಲಿ ಆಳಲಿ ಎಂದು ಪೌಲನು ಹೇಳುವುದು ಒಂದೇ ದೇಹವಾಗಿ ಕರೆಯಲ್ಪಟ್ಟವರು ಒಬ್ಬರನ್ನೊಬ್ಬರು ಸಹಿಸಿಕೊಂಡು ಕ್ಷಮಿಸುವ ವಿಷಯದಲ್ಲಿ ಎಂಬುದು ಕಾಣುತ್ತದೆ. ಅದು ನಮ್ಮ ನಮ್ಮ ಎದೆಬಡಿತವನ್ನು ಅಳೆಯುವ ಮಾಪಕವಲ್ಲ. ಮನಸ್ಸು ಹಗುರಾದರೆ ಸಂತೋಷಪಡಿ, ಆದರೆ ಅದನ್ನು ಹಲವು ಸಾಕ್ಷಿಗಳಲ್ಲಿ ಒಂದಾಗಿ ಇಟ್ಟುಕೊಳ್ಳಿ.

ತೆರೆದ ಬಾಗಿಲಿನ ಮಾತೂ ಇದೇ ಬಗೆಯದು. ಯೊಪ್ಪದಲ್ಲಿ ತಾರ್ಷೀಷಿಗೆ ಹೊರಟ ಹಡಗು ಯೋನನಿಗೆ ಸಿದ್ಧವಾಗಿಯೇ ಸಿಕ್ಕಿತು, ಪ್ರಯಾಣದ ದರ ಕೊಡಲು ಕೈಯಲ್ಲಿ ಹಣವೂ ಇತ್ತು. ಪೌಲನಂತೂ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 2ನೆಯ ಅಧ್ಯಾಯದಲ್ಲಿ ಬೆರಗಾಗುವಂಥ ಮಾತನ್ನು ಹೇಳುತ್ತಾನೆ: ತ್ರೋವ ಎಂಬ ಊರಿನಲ್ಲಿ ಸುವಾರ್ತೆಗೆ ಬಾಗಿಲು ತೆರೆದಿತ್ತು, ತೆರೆದದ್ದು ಕರ್ತನೇ, ಆದರೆ ಸಹೋದರನಾದ ತೀತನು ಅಲ್ಲಿ ಕಾಣದ್ದರಿಂದ ಮನಸ್ಸಿಗೆ ನೆಮ್ಮದಿಯಿಲ್ಲದೆ ಅವರನ್ನು ಬೀಳ್ಕೊಂಡು ಮಕೆದೋನ್ಯಕ್ಕೆ ಹೊರಟುಬಿಟ್ಟೆ. ದೇವರು ತೆರೆದ ಬಾಗಿಲನ್ನೂ ಒಬ್ಬ ಅಪೊಸ್ತಲನು ಒಬ್ಬ ಮನುಷ್ಯನ ಚಿಂತೆಗಾಗಿ ಬಿಟ್ಟು ನಡೆಯಬಹುದಾಗಿತ್ತು, ಮತ್ತು ಅದಕ್ಕಾಗಿ ಅವನನ್ನು ಯಾರೂ ಗದರಿಸಿದ ಉಲ್ಲೇಖವಿಲ್ಲ. ಇದನ್ನು ನಿಮ್ಮ ತಾಯಿಯ ವಿಷಯದೊಂದಿಗೆ ಇಟ್ಟು ಓದಿಕೊಳ್ಳಿ. ಬಾಗಿಲು ತೆರೆದಿದೆ ಎಂದರೆ ಹೋಗಲು ಸಾಧ್ಯ ಎಂದಷ್ಟೇ ಅರ್ಥ.

ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟ ಕಡೆ ಓದುವುದರ ಬಗ್ಗೆ ನೀವು ಕೇಳಿಲ್ಲ, ಆದರೆ ನಿದ್ದೆಗೆಟ್ಟ ರಾತ್ರಿಯಲ್ಲಿ ಕೈ ಅಲ್ಲಿಗೇ ಹೋಗುತ್ತದೆ ಎಂದು ಅನುಭವದಿಂದ ಬಲ್ಲೆ. 386ರಲ್ಲಿ ಮಿಲಾನಿನ ತೋಟದಲ್ಲಿ ಮಗುವಿನ ದನಿ ಕೇಳಿ ಪುಸ್ತಕ ತೆರೆದು, ರೋಮಾಪುರದವರ ಪತ್ರದ ಸಾಲುಗಳಿಂದ ಬದುಕು ಬದಲಾದ, ಪ್ರಾಚೀನ ಸಭೆಯ ದೊಡ್ಡ ಗುರು ಅಗಸ್ಟೀನನು, ಮುಂದೆ ಒಂದು ಪತ್ರದಲ್ಲಿ ಸುವಾರ್ತೆಯ ಪುಟಗಳನ್ನು ಲೌಕಿಕ ವ್ಯವಹಾರಗಳ ಶಕುನಕ್ಕೆ ಬಳಸುವ ರೂಢಿ ತನಗೆ ಹಿಡಿಸದು ಎಂದು ಬರೆದನು. ಆ ತೋಟದಲ್ಲಿ ಕುಳಿತಿದ್ದವನೇ ಹೀಗೆ ಹೇಳಿದ್ದರಿಂದ ಈ ಮಾತಿಗೆ ತೂಕ ಹೆಚ್ಚು. ಇದಕ್ಕೆ ಇನ್ನೊಂದು ಮುಖವೂ ಇದೆ. ಜರ್ಮನಿಯ ದೈವಶಾಸ್ತ್ರಜ್ಞ ಡೀಟ್ರಿಚ್ ಬೊನ್ಹೋಫರ್ 1939ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿದ್ದರು. ಯುದ್ಧದ ಮೋಡ ಕವಿಯುತ್ತಿದ್ದಾಗ ಸ್ನೇಹಿತರು ಅವರಿಗೆ ಅಲ್ಲಿ ಕ್ಷೇಮವಾದ ಕೆಲಸವೊಂದನ್ನು ಏರ್ಪಡಿಸಿದ್ದರು. ದಿನಗಟ್ಟಲೆ ಒದ್ದಾಡಿ, ಜೂನ್ 20ರಂದು ಅವರು ಆ ಕೆಲಸವನ್ನು ನಿರಾಕರಿಸಿದರು. ಜೂನ್ 26ರಂದು ಅವರು ಓದಿದ ವಾಕ್ಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ್ದು: ಚಳಿಗಾಲಕ್ಕೆ ಮುಂಚೆ ಬರಲು ಪ್ರಯತ್ನಿಸು. ಆ ಮಾತು ದಿನವೆಲ್ಲ ಅವರ ಬೆನ್ನು ಬಿಡಲಿಲ್ಲ. ಜುಲೈಯಲ್ಲಿ ಜರ್ಮನಿಗೆ ಹಿಂತಿರುಗಿದರು. ದಿನಾಂಕಗಳ ಕ್ರಮವನ್ನು ಗಮನಿಸಿ. ತೀರ್ಮಾನ ಮೊದಲು ನಡೆಯಿತು, ವಾಕ್ಯ ಆರು ದಿನ ತಡವಾಗಿ ಬಂದು ಅದನ್ನು ಗಟ್ಟಿಮಾಡಿತು. ಆ ದಾರಿ ಅವರನ್ನು ಸುಖಕ್ಕೆ ಒಯ್ಯಲಿಲ್ಲ ಎಂಬುದನ್ನೂ ಹೇಳದೆ ಬಿಡಬಾರದು. 1945ರ ಏಪ್ರಿಲ್ 9ರಂದು ನಾಜಿಗಳು ಅವರನ್ನು ಗಲ್ಲಿಗೇರಿಸಿದರು. ಫಲ ಚೆನ್ನಾಗಿದ್ದರೆ ಮಾತ್ರ ಅದು ದೇವರ ಚಿತ್ತ ಎಂಬ ಲೆಕ್ಕ ಇಟ್ಟುಕೊಂಡವರು ಇವರನ್ನು ಎಲ್ಲಿ ಇಡುತ್ತಾರೋ ನನಗೆ ತಿಳಿಯದು.

ನಿಮ್ಮ ವಿಷಯದಲ್ಲಿ "ದೇವರು ನನಗೆ ತೋರಿಸಿದರು" ಎಂದವರ ಮಾತಿಗೆ ಬರೋಣ. ಅದನ್ನು ತಳ್ಳಿಹಾಕಬೇಡಿ, ನುಂಗಲೂ ಬೇಡಿ. ಪ್ರವಾದನೆಯನ್ನು ಹೀನೈಸಬೇಡಿ, ಆದರೆ ಎಲ್ಲವನ್ನೂ ಪರೀಕ್ಷಿಸಿ ಎಂದು ಪೌಲನು ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಅಪೊಸ್ತಲರ ಕೃತ್ಯಗಳ 21ನೆಯ ಅಧ್ಯಾಯದಲ್ಲಿ ಅವನ ಮೇಲೆಯೇ ಈ ಪರೀಕ್ಷೆ ಬರುತ್ತದೆ. ತೂರಿನ ಶಿಷ್ಯರು ಆತ್ಮಪ್ರೇರಿತರಾಗಿ ಯೆರೂಸಲೇಮಿಗೆ ಹೋಗಬೇಡ ಎನ್ನುತ್ತಾರೆ. ಕೈಸರೈಯದಲ್ಲಿ ಅಗಬನೆಂಬ ಪ್ರವಾದಿ ಪೌಲನ ನಡುಕಟ್ಟನ್ನು ಬಿಚ್ಚಿಕೊಂಡು ತನ್ನ ಕೈಕಾಲು ಕಟ್ಟಿಕೊಂಡು, ಇದರ ಯಜಮಾನನನ್ನು ಹೀಗೆಯೇ ಕಟ್ಟುವರು ಎನ್ನುತ್ತಾನೆ. ಸುತ್ತ ನಿಂತವರೆಲ್ಲ ಅಳುತ್ತಾ ಬೇಡಿಕೊಳ್ಳುತ್ತಾರೆ. ಅಗಬನು ಸೆರೆಯನ್ನು ಮುನ್ನುಡಿದನೇ ಹೊರತು, ಹೋಗಬೇಡ ಎಂದು ಹೇಳಿದ್ದು ಪೌಲನನ್ನು ಪ್ರೀತಿಸಿದವರು. ಕಂಡದ್ದು ಒಂದು, ಅದರಿಂದ ತೆಗೆದ ಅರ್ಥ ಇನ್ನೊಂದು. ಪೌಲನು ಹೊರಟನು, ಅವರು ಸಿಟ್ಟಾಗದೆ "ಕರ್ತನ ಚಿತ್ತದಂತಾಗಲಿ" ಎಂದು ಸುಮ್ಮನಾದರು. ನಿಮಗೆ ಎಚ್ಚರಿಕೆ ಹೇಳಿದವರನ್ನು ಕೇಳಿ: ನೀವು ಕಂಡದ್ದು ಏನು, ಅದರಿಂದ ನೀವು ಊಹಿಸಿದ್ದು ಏನು? ಒಳ್ಳೆಯ ಮನಸ್ಸಿನವರು ಈ ಪ್ರಶ್ನೆಗೆ ಬೇಸರಪಟ್ಟುಕೊಳ್ಳುವುದಿಲ್ಲ. ಬೇಸರಪಟ್ಟುಕೊಂಡರೆ ಅದೂ ಒಂದು ಉತ್ತರವೇ.

ಈಗ 29ನೆಯ ಅಧ್ಯಾಯ. ನಿಮಗೆ ನಿರೀಕ್ಷೆಯನ್ನೂ ಮುಂದಿನ ಒಳಿತನ್ನೂ ಕೊಡುವ ಯೋಜನೆ ನನ್ನದು ಎಂಬ 11ನೆಯ ವಚನವನ್ನು ನಿಮಗೂ ಯಾರಾದರೂ ಕಳಿಸಿಯೇ ಇರುತ್ತಾರೆ. ಅದು ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಕಾಗದ. ಅದಕ್ಕೆ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರೆದುರು ಯೆರೆಮೀಯನ ಕೊರಳಿನ ನೊಗವನ್ನು ಮುರಿದು, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಕರ್ತನ ಹೆಸರಿನಲ್ಲಿ ಸಾರುತ್ತಾನೆ. ಯೆರೆಮೀಯನ ಕಾಗದದಲ್ಲಿದ್ದದ್ದು 70 ವರ್ಷ. ಅಷ್ಟರೊಳಗೆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಅದು ಹೇಳಿತು. ಅನಿಶ್ಚಿತ ಕಾಲದಲ್ಲಿ ಹನನ್ಯನಂಥವರ ಮಾತಿಗೆ ಬೇಡಿಕೆ ಹೆಚ್ಚು, ಏಕೆಂದರೆ ಅವರು ದಿನಾಂಕ ಕೊಡುತ್ತಾರೆ. ಯೆರೆಮೀಯನು ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸವನ್ನು ಕೊಟ್ಟನು. "ನಿನ್ನ ವಾಕ್ಯವು ನನ್ನ ಕಾಲಿಗೆ ದೀಪ" ಎಂದು ಹಾಡಿದ ಕೀರ್ತನೆಗಾರನಿಗೂ ಸಿಕ್ಕಿದ್ದು ಕಾಲಬುಡದ ಬೆಳಕೇ. ದಾರಿಯ ತುದಿಯನ್ನು ತೋರಿಸುವ ದೀಪ ಅವನ ಕೈಯಲ್ಲಿಯೂ ಇರಲಿಲ್ಲ.

ಹಾಗಾದರೆ ನಿರ್ಧಾರ ಮಾಡುವುದು ಹೇಗೆ? ಪೌಲನ ತಂಡ ಮಕೆದೋನ್ಯಕ್ಕೆ ಹೋದ ಬಗೆಯನ್ನು ಕೃತ್ಯಗಳ 16ನೆಯ ಅಧ್ಯಾಯದಲ್ಲಿ ನೋಡಿ. ಆಸ್ಯ ಸೀಮೆಯಲ್ಲಿ ವಾಕ್ಯ ಹೇಳಲು ತಡೆ, ಬಿಥೂನ್ಯಕ್ಕೆ ಹೋಗಲು ತಡೆ, ತ್ರೋವದಲ್ಲಿ ರಾತ್ರಿ ಒಂದು ದರ್ಶನ. ದರ್ಶನ ಕಂಡದ್ದು ಪೌಲನೊಬ್ಬನಿಗೆ, ಆದರೆ ದೇವರು ನಮ್ಮನ್ನು ಕರೆದಿದ್ದಾರೆಂದು ನಿಶ್ಚಯಿಸಿಕೊಂಡದ್ದು "ನಾವು" ಎಂದು ಬರೆಹಗಾರನು ಹೇಳುತ್ತಾನೆ. ಅಲ್ಲಿ ಬಳಸಿದ ಗ್ರೀಕ್ ಪದಕ್ಕೆ ಬಿಡಿಬಿಡಿಯಾದದ್ದನ್ನು ಒಂದಕ್ಕೊಂದು ಜೋಡಿಸುವುದು ಎಂಬ ಅರ್ಥವಿದೆ. ತಡೆಗಳನ್ನೂ ದರ್ಶನವನ್ನೂ ಮುಂದಿಟ್ಟುಕೊಂಡು, ಕೂಡಿ ಕುಳಿತು, ಬುದ್ಧಿ ಉಪಯೋಗಿಸಿ ಜೋಡಿಸಿದರು. ಯೆರೂಸಲೇಮಿನ ಸಭೆಯೂ ಬಹಳ ಚರ್ಚೆಯಾದ ಮೇಲೆಯೇ "ಪವಿತ್ರಾತ್ಮನಿಗೂ ನಮಗೂ ಯುಕ್ತವಾಗಿ ತೋರಿತು" ಎಂದು ಬರೆಯಿತು. ಯೋಚಿಸುವುದು ಅವಿಶ್ವಾಸವಲ್ಲ.

ನಿಮ್ಮ ಐದು ವಾರಗಳನ್ನು ಹೀಗೆ ಬಳಸಿ. ಮೊದಲನೆಯ ವಾರ ಏನನ್ನೂ ನಿರ್ಧರಿಸಬೇಡಿ, ಉಪವಾಸವನ್ನೂ ನಿಲ್ಲಿಸಿ. ಬೇಸತ್ತು ಸಾಯಬೇಕೆಂದು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ, ರೊಟ್ಟಿಯನ್ನೂ ನೀರನ್ನೂ ಇಟ್ಟು ಎರಡು ಸಲ ಎಬ್ಬಿಸಿ ಉಣಿಸಿದನು; ದೇವರ ಮಂದವಾದ ಶಬ್ದ ಕೇಳಿಸಿದ್ದು ಅದಾಗಿ ನಲವತ್ತು ದಿನಗಳ ದಾರಿ ನಡೆದ ಮೇಲೆ. ಮನಸ್ಸು ಕತ್ತಲೆಗೆ ಬಿದ್ದಾಗ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬಾರದು ಎಂಬುದು ಇಗ್ನೇಷಿಯಸರ ಕಟ್ಟುನಿಟ್ಟಿನ ನಿಯಮಗಳಲ್ಲಿ ಒಂದು. ಮೂರು ತಿಂಗಳು ನಿದ್ದೆಗೆಟ್ಟವರಿಗೆ ಮೌನವೂ ಶಿಕ್ಷೆಯಂತೆ ಕೇಳಿಸುತ್ತದೆ. ಆಮೇಲೆ ತಿಳಿಯಬೇಕಾದ ವಾಸ್ತವಗಳನ್ನು ತಿಳಿದುಕೊಳ್ಳಿ: ಸಂಸ್ಥೆ ಮುಚ್ಚುವುದು ಗಾಳಿಮಾತೋ ನಿಜವೋ, ಹೊಸ ಕೆಲಸಕ್ಕೆ ಸೇರುವ ದಿನವನ್ನು ಮುಂದೂಡಬಹುದೇ, ಮನೆಯಿಂದಲೇ ಮಾಡಬಹುದಾದ ಪಾಲು ಅದರಲ್ಲಿದೆಯೇ. ನೇರವಾಗಿ ಕೇಳಿದರೆ ತಿಳಿಯುವುದನ್ನು ಪ್ರಾರ್ಥನೆಯಿಂದ ತಿಳಿಯಲು ಹೊರಡಬಾರದು. ಮೂರನೆಯ ವಾರದಲ್ಲಿ, ನಿಮ್ಮ ನಿರ್ಧಾರದಿಂದ ಲಾಭವೂ ನಷ್ಟವೂ ಇಲ್ಲದ ಇಬ್ಬರು ಮೂವರು ಪ್ರೌಢ ವಿಶ್ವಾಸಿಗಳನ್ನು ಒಟ್ಟಿಗೆ ಕೂರಿಸಿಕೊಳ್ಳಿ. ಕ್ವೇಕರ್ ಎಂಬ ಕ್ರೈಸ್ತ ಪಂಗಡದವರಲ್ಲಿ ಇದಕ್ಕೆ ಒಂದು ಒಳ್ಳೆಯ ಪದ್ಧತಿಯಿದೆ: ಕೂತವರು ಸಲಹೆ ಕೊಡುವಂತಿಲ್ಲ, ಪ್ರಶ್ನೆ ಮಾತ್ರ ಕೇಳಬೇಕು. ಸಲಹೆ ಕೊಡದೆ ಒಂದು ಗಂಟೆ ಕೂರುವುದು ಸಭೆಯ ಹಿರಿಯರಿಗೆ ಎಷ್ಟು ಕಷ್ಟವೆಂಬುದನ್ನು ನನ್ನನ್ನು ನೋಡಿಯೇ ಹೇಳುತ್ತೇನೆ, ಆದರೂ ಪ್ರಯತ್ನಿಸಿ. ಆ ಮೇಲೆ ಒಂದು ತಾತ್ಕಾಲಿಕ ತೀರ್ಮಾನಕ್ಕೆ ಬನ್ನಿ, ಅದನ್ನು ಹೊರಗೆ ಹೇಳದೆ ಹತ್ತು ದಿನ ಅದರೊಂದಿಗೆ ಬದುಕಿ. ಸುಮಾರು ನಲವತ್ತು ವರ್ಷ ಪ್ರವಾದಿಯಾಗಿದ್ದ ಯೆರೆಮೀಯನೇ ಹತ್ತು ದಿನ ಕಾದಿದ್ದನಲ್ಲ. ಆ ದಿನಗಳಲ್ಲಿ ನಿಮ್ಮ ನಂಬಿಕೆ, ತಾಳ್ಮೆ, ಬೇರೆಯವರ ಮೇಲಿನ ಪ್ರೀತಿ ಕುಗ್ಗುತ್ತಿವೆಯೇ ಬೆಳೆಯುತ್ತಿವೆಯೇ ಎಂದು ದಿನವೂ ಮಲಗುವ ಮುಂಚೆ ಎರಡು ಸಾಲು ಬರೆದಿಡಿ. ಕೊನೆಗೆ ಎರಡೂ ಸಮನಾಗಿಯೇ ತೋರಿದರೆ, ಯಾವುದನ್ನು ಆರಿಸಿದರೂ ನೀವು ಅವಿಧೇಯರಾಗುವುದಿಲ್ಲ. ಆರಿಸುವ ಸ್ವಾತಂತ್ರ್ಯವನ್ನು ತಂದೆ ಮಗಳಿಗೆ ಬಿಟ್ಟುಕೊಟ್ಟಿದ್ದಾರೆ.

ಒಂದು ವಿಷಯ ಉಳಿಯಿತು. ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ತಾಯಿಯ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ: ಅವರ ವಯಸ್ಸು, ಅವರನ್ನು ಬಿಡುವ ಸಂಕಟ, ಹೊಸ ಜಾಗ ಅವರಿಗೆ ಒಗ್ಗುವುದೇ ಎಂಬ ಅನುಮಾನ. ಸಭೆಯ ಇಬ್ಬರು ಏನು ಹೇಳಿದರೆಂಬುದನ್ನೂ ಬರೆದಿದ್ದೀರಿ. ತಾಯಿ ಏನು ಹೇಳಿದರೆಂಬುದು ಎಲ್ಲಿಯೂ ಇಲ್ಲ. ಅವರನ್ನು ಕೇಳಿದ್ದೀರಾ? ಈ ವಾರವೇ, ಉಪದೇಶವಿಲ್ಲದೆ, ಊಟವಾದ ಮೇಲೆ ಪಕ್ಕದಲ್ಲಿ ಕುಳಿತು ಕೇಳಿ. ಅವರು ಹೇಳಿದ್ದನ್ನು ನನಗೂ ಬರೆದು ತಿಳಿಸಿ.